ಮೋಟರ್‌ಹೋಮ್ ಹಿಂದೆ ಎಳೆದೊಯ್ಯುವ ಕಾರಿನ ಸ್ಟೀರಿಂಗ್ ತೊಂದರೆಗಳು: ಪತ್ತೆ ಹಚ್ಚುವ ಮತ್ತು ಸರಿಪಡಿಸುವ ಕ್ರಮ

ನಮ್ಮ ಊರುಗಳಲ್ಲಿ ಕೆಟ್ಟು ನಿಂತ ಕಾರನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದೊಯ್ಯುವಾಗ, ಅದರ ಸ್ಟೀರಿಂಗ್ ಹಿಡಿಯಲು ಒಬ್ಬರು ಒಳಗೆ ಕುಳಿತೇ ಇರುತ್ತಾರೆ. ಅಮೆರಿಕದ ಹೆದ್ದಾರಿಗಳಲ್ಲಿ ಮಲಗಲು, ಅಡುಗೆ ಮಾಡಲು ಸೌಕರ್ಯವಿರುವ ಬಸ್ಸಿನ ಗಾತ್ರದ ಮೋಟರ್‌ಹೋಮ್‌ಗಳ ಹಿಂದೆ ನಾಲ್ಕೂ ಚಕ್ರಗಳನ್ನು ನೆಲಕ್ಕೂರಿಕೊಂಡು ಗಂಟೆಗೆ 60 ಮೈಲಿ ವೇಗದಲ್ಲಿ ಉರುಳಿ ಬರುವ ಕಾರುಗಳಲ್ಲಿ ಯಾರೂ ಇರುವುದಿಲ್ಲ. ಮೋಟರ್‌ಹೋಮನ್ನು ಕ್ಯಾಂಪ್‌ಗ್ರೌಂಡ್‌ನಲ್ಲಿ ನಿಲ್ಲಿಸಿದ ಮೇಲೆ ದಿನಸಿ ತರಲು, ಸುತ್ತಮುತ್ತ ನೋಡಿಬರಲು ಒಂದು ಸಣ್ಣ ವಾಹನ ಬೇಕೆಂದು ಹೀಗೆ ಜೊತೆಗೆ ಕರೆದೊಯ್ಯುವ ಕಾರನ್ನು ಅಲ್ಲಿನವರು ‘ಡಿಂಗಿ’ ಎಂದೋ ‘ಟೋಡ್’ ಎಂದೋ ಕರೆಯುತ್ತಾರೆ. ಅಲ್ಲಿ ನೆಲೆಸಿ ಸ್ವಂತ ಮೋಟರ್‌ಹೋಮ್ ಕೊಂಡ ಕನ್ನಡಿಗರು ಬ್ರೇಕು, ದೀಪ ಮತ್ತು ತೂಕದ ಬಗ್ಗೆ ಸಾಕಷ್ಟು ವಿಚಾರಿಸಿಕೊಂಡಿರುತ್ತಾರೆ. ಸ್ಟೀರಿಂಗ್ ವಿಚಾರ ಬರುವುದು ಮಾತ್ರ ಸಾಮಾನ್ಯವಾಗಿ ಮುಂದಿನ ಎರಡು ಟೈರುಗಳು ಸವೆದು ಹೋದ ಮೇಲೆ. ಈ ಲೇಖನ ಅದಕ್ಕಿಂತ ಮೊದಲು ಓದಿಕೊಳ್ಳಬೇಕಾದದ್ದು.

ಯಾರೂ ಹಿಡಿಯದ ಸ್ಟೀರಿಂಗ್ ತಿರುಗುವುದು ಹೇಗೆ

ಸೈಕಲ್ಲಿನ ಹ್ಯಾಂಡಲ್ ಮುಟ್ಟದೆ ಸೀಟನ್ನಷ್ಟೇ ಹಿಡಿದು ಮುಂದಕ್ಕೆ ತಳ್ಳಿಕೊಂಡು ಹೋದವರಿಗೆ ಇದರ ಗುಟ್ಟು ಅರ್ಧ ಗೊತ್ತಿದೆ. ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ನಿಂತಿರುವುದಿಲ್ಲ, ಮೇಲ್ತುದಿ ಸವಾರನ ಕಡೆಗೆ ಒರಗಿರುತ್ತದೆ. ಆ ಓರೆಯ ಗೆರೆಯನ್ನು ನೆಲದವರೆಗೆ ಮುಂದುವರಿಸಿದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಹೀಗಾಗಿ ಟೈರು ತಾನು ಹೊರಳುವ ಅಕ್ಷದ ಹಿಂದೆ ಹಿಂದೆಯೇ ಬರುತ್ತದೆ, ಎಳೆತ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ತಾನಾಗಿ ಹೊರಳಿಕೊಳ್ಳುತ್ತದೆ. ಅದೇ ಸೈಕಲ್ಲನ್ನು ಸೀಟು ಹಿಡಿದು ಹಿಂದಕ್ಕೆ ಎಳೆದರೆ ಹ್ಯಾಂಡಲ್ ಗಕ್ಕನೆ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಕಾರಿನ ಮುಂದಿನ ಚಕ್ರಗಳಲ್ಲಿರುವ ಇದೇ ಓರೆಗೆ ಕ್ಯಾಸ್ಟರ್ ಕೋನವೆಂದು ಹೆಸರು. ಇಂದಿನ ಅನೇಕ ಕಾರುಗಳಲ್ಲಿ ಅದು ಸುಮಾರು 3ರಿಂದ 7 ಡಿಗ್ರಿಯವರೆಗೆ ಇರುತ್ತದೆ.

ಮೋಟರ್‌ಹೋಮ್ ಎಡಕ್ಕೆ ತಿರುಗಿದಾಗ ಹಿಂದಿನ ಕಾರೂ ಎಡಕ್ಕೆ ತಿರುಗುವುದು ಈ ಕ್ಯಾಸ್ಟರ್ ಬಲದಿಂದ ಮಾತ್ರ. ಎರಡೂ ವಾಹನಗಳನ್ನು ಜೋಡಿಸುವ ಟೋ ಬಾರ್ ಎಂಬ ದಂಡ ಕಾರಿನ ಮೂತಿಯನ್ನು ಎಳೆಯುತ್ತದೆಯೇ ಹೊರತು ಚಕ್ರಗಳನ್ನು ತಿರುಗಿಸುವುದಿಲ್ಲ. ಆದ್ದರಿಂದ ಎಳೆದೊಯ್ಯುವ ಕಾರಿನ ಸ್ಟೀರಿಂಗ್ ಕೆಟ್ಟಿದೆ ಎಂದಾಗ ನಾವು ಹುಡುಕಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರವನ್ನು: ಕ್ಯಾಸ್ಟರ್ ಮಾಡಬೇಕಾದ ಕೆಲಸಕ್ಕೆ ಏನು ಅಡ್ಡ ಬಂದಿದೆ? ಸ್ಟೀರಿಂಗನ್ನು ಏನಾದರೂ ಬಿಗಿಹಿಡಿದಿರಬಹುದು, ಎಳೆತದ ದಿಕ್ಕೇ ತಪ್ಪಿರಬಹುದು, ಅಥವಾ ಕೀಲುಗಳಲ್ಲಿ ಸಡಿಲವಿದ್ದು ಚಕ್ರಗಳು ಹಿಡಿತವಿಲ್ಲದೆ ಬಡಿದಾಡುತ್ತಿರಬಹುದು.

ಕಾರಿನ ಬಳಿ ಬಗ್ಗುವ ಮುನ್ನ

ಪರೀಕ್ಷೆಗೆ ಸಮತಟ್ಟಾದ ಜಾಗವನ್ನೇ ಆರಿಸಿಕೊಳ್ಳಬೇಕು. ಮೋಟರ್‌ಹೋಮಿನ ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ನಿಲ್ಲಿಸಿ, ಎರಡೂ ವಾಹನಗಳ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟ ನಂತರವೇ ನಡುವೆ ಕಾಲಿಡಬೇಕು. ಹಿಂದಿನ ಕಾರು ಗೇರಿನಲ್ಲಿದೆ, ಆದ್ದರಿಂದ ಉರುಳುವುದಿಲ್ಲ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ಉದಾಹರಣೆಗೆ, ಆಟೊಮ್ಯಾಟಿಕ್ ಗೇರಿನ ಜೀಪ್ ರ‍್ಯಾಂಗ್ಲರ್ ಅನ್ನು ಎಳೆಯುವಾಗ ಗೇರು ಪಾರ್ಕಿನಲ್ಲಿದ್ದರೂ, ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಅಚ್ಚುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿರುತ್ತದೆ. ಚಕ್ರಗಳಿಗೂ ಗೇರ್‌ಬಾಕ್ಸಿಗೂ ಆಗ ಸಂಬಂಧವೇ ಇರುವುದಿಲ್ಲವಾದ್ದರಿಂದ, ಗೇರ್ ಲಿವರ್ ನೋಡಿ ಸಮಾಧಾನಪಟ್ಟು ಟೋ ಬಾರಿನ ಪಿನ್ನು ಕಿತ್ತರೆ ಕಾರು ಇಳಿಜಾರಿನಲ್ಲಿ ತನ್ನ ಪಾಡಿಗೆ ಹೊರಟುಬಿಡುತ್ತದೆ. ಕಾರಿನ ಹ್ಯಾಂಡ್ ಬ್ರೇಕ್ ಹಾಕಿದ್ದೇವೆ ಎಂಬುದನ್ನು ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಮತ್ತೆ ಎಳೆಯಲು ಹೊರಡುವಾಗ ಅದನ್ನು ತೆಗೆಯುವುದನ್ನೂ ಮರೆಯಬಾರದು.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಕೊಳ್ಳುವುದು ಒಳ್ಳೆಯದು. ಕಾರಿನ ಮುಂದಿನ ಎರಡು ಚಕ್ರಗಳನ್ನು ಮೇಲೆತ್ತಿ ಕೂರಿಸುವ ಟೋ ಡಾಲಿ ಎಂಬ ಸಣ್ಣ ಬಂಡಿ ಬೇರೆ ಪದ್ಧತಿಯದು. ಕೆಲವು ಡಾಲಿಗಳಿಗೆ ಕಾರಿನ ಸ್ಟೀರಿಂಗ್ ನೇರವಾಗಿ ನಿಂತು ಬಿಗಿಯಾಗಿರಬೇಕು, ಕೆಲವಕ್ಕೆ ಬೇಡ. ಅದನ್ನು ಆಯಾ ಡಾಲಿಯ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ನಾಲ್ಕೂ ಚಕ್ರ ನೆಲದ ಮೇಲಿರುವಾಗ ಮಾತ್ರ ಸ್ಟೀರಿಂಗ್ ಯಾವ ಕಾರಣಕ್ಕೂ ಬಿಗಿಯಾಗಿರಕೂಡದು. ಮೊದಲು ಡಾಲಿ ಬಳಸುತ್ತಿದ್ದವರು ಅಭ್ಯಾಸಬಲದಿಂದ ಸ್ಟೀರಿಂಗ್ ಚಕ್ರವನ್ನು ಸೀಟ್ ಬೆಲ್ಟಿಗೆ ಕಟ್ಟಿ ಹೊರಡುವುದುಂಟು.

ಖಾಲಿ ಮೈದಾನದಲ್ಲಿ ಪರೀಕ್ಷೆ

ಮೋಟರ್‌ಹೋಮ್ ಓಡಿಸುವವರ ಕೈಗೆ ಹಿಂದಿನ ಕಾರಿನ ಸ್ಟೀರಿಂಗ್ ಅನುಭವ ತಲುಪುವುದಿಲ್ಲ. ಸುಮಾರು ಹತ್ತು ಟನ್ ತೂಗುವ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತವರಿಗೆ ಹಿಂದೆ ಒಂದು ಟೈರು ಅಡ್ಡಲಾಗಿ ಉಜ್ಜುತ್ತಿದ್ದರೂ ಗೊತ್ತಾಗುವುದಿಲ್ಲ. ಆದ್ದರಿಂದ ತೊಂದರೆಯ ಲಕ್ಷಣವನ್ನು ಮೊದಲು ಕಣ್ಣಾರೆ ನೋಡಬೇಕು. ಭಾನುವಾರ ಬೆಳಿಗ್ಗೆ ಯಾವುದಾದರೂ ದೊಡ್ಡ, ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ ಒಬ್ಬರು ಮೋಟರ್‌ಹೋಮನ್ನು ನಡಿಗೆಯ ವೇಗದಲ್ಲಿ ಎಡಕ್ಕೂ ಬಲಕ್ಕೂ ಅಗಲವಾಗಿ ತಿರುಗಿಸುತ್ತಿರಬೇಕು, ಇನ್ನೊಬ್ಬರು ದೂರದಲ್ಲಿ ನಿಂತು ಕಾರಿನ ಮುಂದಿನ ಚಕ್ರಗಳನ್ನು ಗಮನಿಸಬೇಕು. ಸ್ಟೀರಿಂಗ್ ಚಕ್ರದ ಮೇಲ್ಭಾಗಕ್ಕೆ ಒಂದು ತುಂಡು ಬಿಳಿ ಟೇಪು ಅಂಟಿಸಿ, ಹಿಂದಿನ ಸೀಟಿನಲ್ಲಿ ಮೊಬೈಲನ್ನು ಭದ್ರವಾಗಿ ಕಟ್ಟಿ ವಿಡಿಯೊ ಮಾಡಿಕೊಂಡರೆ ಇನ್ನೂ ಅನುಕೂಲ. ಮೆಕ್ಯಾನಿಕ್‌ಗೆ ಆ ವಿಡಿಯೊ ತೋರಿಸಿದರೆ ಅರ್ಧ ಗಂಟೆಯ ವಿವರಣೆ ಉಳಿಯುತ್ತದೆ.

ಸರಿಯಿರುವ ಕಾರಿನಲ್ಲಿ ಟೇಪಿನ ಗುರುತು ತಿರುವಿನೊಂದಿಗೆ ನಿಧಾನವಾಗಿ ವಾಲಿ, ತಿರುವು ಮುಗಿಯುತ್ತಿದ್ದಂತೆ ಮತ್ತೆ ಮೇಲಕ್ಕೆ ಬಂದು ನಿಲ್ಲುತ್ತದೆ. ಗುರುತು ಅಲ್ಲಾಡದೇ ಇದ್ದರೆ ಸ್ಟೀರಿಂಗನ್ನು ಏನೋ ಹಿಡಿದಿದೆ. ಒಂದು ಕಡೆಗೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆಗೆ ತಡವರಿಸಿದರೆ ಯಾವುದೋ ಒಂದು ಭಾಗದಲ್ಲಿ ಬಿಗಿತವಿರಬಹುದು. ನೇರ ಹಾದಿಯಲ್ಲಿಯೂ ಗುರುತು ಎಡಬಲಕ್ಕೆ ನಡುಗುತ್ತಿದ್ದರೆ ಅದು ಸಡಿಲದ ಅಥವಾ ಪವರ್ ಸ್ಟೀರಿಂಗಿನ ಕಥೆ. ಸ್ಟೀರಿಂಗ್ ಅಲ್ಲಾಡದೆ ಇಡೀ ಕಾರೇ ಓಲಾಡುತ್ತಿದ್ದರೆ ಹುಡುಕಬೇಕಾದದ್ದು ಕಾರಿನಲ್ಲಲ್ಲ, ಟೋ ಬಾರಿನಲ್ಲಿ ಮತ್ತು ಅದನ್ನು ಮೋಟರ್‌ಹೋಮಿಗೆ ಸಿಕ್ಕಿಸುವ ಹಿಚ್‌ನಲ್ಲಿ.

ಚಕ್ರಗಳು ತಿರುಗದಿದ್ದರೆ

ಅತಿ ಸಾಮಾನ್ಯ ಕಾರಣ ಅತಿ ಸರಳವಾದದ್ದು: ಕೀಲಿ. ಕಳ್ಳತನ ತಡೆಯಲೆಂದು ಕೀಲಿಯಿಂದ ಚಾಲೂ ಆಗುವ ಕಾರುಗಳಲ್ಲಿ ಕೀಲಿ ತೆಗೆದ ಮೇಲೆ ಸ್ಟೀರಿಂಗ್ ಕಂಬದೊಳಗೆ ಒಂದು ಉಕ್ಕಿನ ಗೂಟ ಬಂದು ಕೂರುತ್ತದೆ. ಎಳೆಯುವಾಗ ಕೀಲಿ ಒಳಗೇ ಇದ್ದು ‘ಎಸಿಸಿ’ (ಎಂಜಿನ್ ಆಫ್ ಇದ್ದು ರೇಡಿಯೊದಂಥವು ಮಾತ್ರ ನಡೆಯುವ) ಸ್ಥಾನದಲ್ಲಿರಬೇಕು ಎಂದು ಇಂತಹ ಕಾರುಗಳ ಪುಸ್ತಕಗಳು ಹೇಳುವುದು ಈ ಗೂಟ ಹಿಂದೆ ಸರಿದಿರಲಿ ಎಂದೇ. ಕೀಲಿಯನ್ನು ಆ ಸ್ಥಾನಕ್ಕೆ ತಂದು, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಎರಡೂ ಕಡೆ ತಿರುಗಿಸಿ ನೋಡಬೇಕು. ಪವರ್ ಸ್ಟೀರಿಂಗಿನ ಸಹಾಯವಿಲ್ಲದ ಕಾರಣ ಭಾರವಾಗಿರುತ್ತದೆ, ಆದರೆ ಕಟಕ್ಕೆಂದು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಕಾರಿನೊಳಗಿನ ಬೆಲೆಬಾಳುವ ವಸ್ತುಗಳ ಚಿಂತೆಯಿಂದ ಪೆಟ್ರೋಲ್ ಬಂಕಿನಲ್ಲಿ ಯಾರೋ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರು ಎಂಬಷ್ಟರಿಂದಲೇ ಮುಂದಿನ ನೂರು ಮೈಲಿಯಲ್ಲಿ ಎರಡು ಟೈರು ಹಾಳಾಗುತ್ತವೆ. ಬಾಗಿಲು ಹಾಕಲು ಎರಡನೆಯ ಕೀಲಿಯನ್ನು ಬಳಸುವುದೇ ಇದಕ್ಕೆ ಪರಿಹಾರ.

ಬಟನ್ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಲೆಕ್ಕ ಬೇರೆ. ಕೆಲವಕ್ಕೆ ಸ್ಟೀರಿಂಗ್ ಲಾಕೇ ಇಲ್ಲ, ಕೆಲವಕ್ಕೆ ವಿದ್ಯುತ್ತಿನಿಂದ ಕೆಲಸ ಮಾಡುವ ಲಾಕು ಇದೆ. ಎಳೆಯುವ ಸ್ಥಿತಿಗೆ ತರಲು ಯಾವ ಗುಂಡಿ, ಯಾವ ಪೆಡಲು, ಯಾವ ಕ್ರಮ ಎಂಬುದನ್ನು ತಯಾರಕರು ಪುಸ್ತಕದಲ್ಲಿ ಹಂತ ಹಂತವಾಗಿ ಬರೆದಿರುತ್ತಾರೆ. ಪುಸ್ತಕದಲ್ಲಿ ಆ ಅಧ್ಯಾಯವೇ ಇಲ್ಲದಿದ್ದರೆ, ಅಥವಾ ಹೀಗೆ ಎಳೆಯಬಾರದು ಎಂದಿದ್ದರೆ, ಆ ಕಾರನ್ನು ನಾಲ್ಕು ಚಕ್ರದ ಮೇಲೆ ಎಳೆಯುವ ಯೋಚನೆಯನ್ನು ಬಿಡಬೇಕು. ಒಂದೇ ಹೆಸರಿನ ಕಾರಿನಲ್ಲಿಯೂ ಇದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹೋಂಡಾ ಸಿಆರ್-ವಿ 2014ರ ಮಾದರಿಯವರೆಗೆ ಈ ಕೆಲಸಕ್ಕೆ ಹೆಸರಾಗಿತ್ತು. 2015ರ ಮಾದರಿಯಲ್ಲಿ ಸಿವಿಟಿ ಎಂಬ ಬೇರೆ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂದ ಮೇಲೆ ಅದನ್ನು ಹೀಗೆ ಎಳೆಯುವಂತಿಲ್ಲ. ಪಕ್ಕದವರ ಕಾರಿನ ಕ್ರಮವನ್ನು ನಮ್ಮ ಕಾರಿಗೆ ಅನ್ವಯಿಸುವುದು ತಪ್ಪು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೀಲಿ ಸರಿಯಿದ್ದೂ ಚಕ್ರ ತಿರುಗದಿದ್ದರೆ ಮುಂದಿನ ಅನುಮಾನ ಬ್ರೇಕಿನ ಮೇಲೆ. ಹಿಂದಿನ ಕಾರಿಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಇರಲೇಬೇಕು. ಅವುಗಳಲ್ಲಿ ಚಾಲಕನ ಸೀಟಿಗೂ ಬ್ರೇಕ್ ಪೆಡಲಿಗೂ ನಡುವೆ ಕೂರಿಸುವ ಪೆಟ್ಟಿಗೆಯಂಥದ್ದು ಬಹಳ ಬಳಕೆಯಲ್ಲಿದೆ. ಸೀಟನ್ನು ತೀರಾ ಮುಂದಕ್ಕೆ ಸರಿಸಿ ಅದನ್ನು ಬಿಗಿಯಾಗಿ ಕೂರಿಸಿದರೆ ಪೆಡಲು ದಾರಿಯುದ್ದಕ್ಕೂ ಕೂದಲೆಳೆಯಷ್ಟು ಒತ್ತಿಕೊಂಡೇ ಇರುತ್ತದೆ. ಬ್ರೇಕು ಹಿಡಿದ ಚಕ್ರ ಉರುಳುವ ಬದಲು ಉಜ್ಜುತ್ತದೆ, ಎಡಬಲಗಳಲ್ಲಿ ಹಿಡಿತ ಒಂದೇ ಸಮನಿರದಿದ್ದರೆ ಸ್ಟೀರಿಂಗ್ ಒಂದು ಕಡೆಗೆ ವಾಲುತ್ತದೆ. ಹತ್ತು ಮೈಲಿ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರದ ಹಬ್ಬುಗಳ ಬಿಸಿಯನ್ನು ಇನ್ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದು ಹೋಲಿಸಿದರೆ ಇದು ಬಯಲಾಗುತ್ತದೆ. ಆ ಉಪಕರಣ ಇಲ್ಲದವರು ಹಬ್ಬಿನ ಹತ್ತಿರ ಅಂಗೈ ಹಿಡಿದು ನೋಡಬಹುದು, ಆದರೆ ಮುಟ್ಟಬಾರದು.

ಇವೆರಡೂ ಅಲ್ಲವಾದರೆ ಬಿಗಿತ ಕಾರಿನ ಅಂಗಗಳಲ್ಲಿದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಓಡಿದ ಹಳೆಯ ಕಾರುಗಳಲ್ಲಿ ಸ್ಟ್ರಟ್ಟಿನ (ಚಕ್ರದ ಮೇಲಿನ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರಿನ ಕಂಬ) ಮೇಲ್ತುದಿಯ ಬೇರಿಂಗು, ಚಕ್ರ ಹೊರಳಲು ಇರುವ ಗುಂಡು ಕೀಲಾದ ಬಾಲ್ ಜಾಯಿಂಟು ಮತ್ತು ಸ್ಟೀರಿಂಗ್ ಕಂಬದ ಕೀಲುಗಳು ತುಕ್ಕು ಹಿಡಿದು ಬಿಗಿಯುತ್ತವೆ. ನಾವೇ ಓಡಿಸುವಾಗ ಪವರ್ ಸ್ಟೀರಿಂಗ್ ಈ ಬಿಗಿತವನ್ನು ಮರೆಮಾಚುತ್ತದೆ, ಎಳೆಸಿಕೊಂಡು ಹೋಗುವಾಗ ಮರೆಮಾಚುವವರಿಲ್ಲ. ಪತ್ತೆ ಮಾಡುವ ಬಗೆ ಹೀಗೆ: ಕಾರನ್ನು ಬಿಚ್ಚಿಕೊಂಡು ನಿರ್ಜನವಾದ ಜಾಗದಲ್ಲಿ ನಿಧಾನವಾಗಿ ತಿರುಗಿಸಿ, ಸ್ಟೀರಿಂಗಿನಿಂದ ಕೈ ಸಡಿಲಿಸಿ ನೋಡಬೇಕು. ಚಕ್ರ ತಾನಾಗಿ ನೇರಕ್ಕೆ ಮರಳದಿದ್ದರೆ ಎಲ್ಲಿಯೋ ಒಂದು ಕೀಲು ಹಿಡಿದಿದೆ ಅಥವಾ ಕ್ಯಾಸ್ಟರ್ ತಪ್ಪಿದೆ. ಅಲೈನ್‌ಮೆಂಟ್ ಮಾಡಿಸುವಾಗ ಟೋ (ಎರಡು ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಸರಿ ಮಾಡಿದೆವೆಂದು ಕಳುಹಿಸಿಬಿಡುವ ಅಂಗಡಿಗಳಿವೆ. ಕ್ಯಾಸ್ಟರಿನ ಅಳತೆಯನ್ನೂ ಮುದ್ರಿಸಿ ಕೊಡುವಂತೆ ಕೇಳಿ ಪಡೆಯಬೇಕು.

ತಿರುವಿನಲ್ಲಿ ಚಕ್ರ ಉಲ್ಟಾ ಹೊರಳಿದರೆ

ಮೋಟರ್‌ಹೋಮ್ ಬಲಕ್ಕೆ ತಿರುಗುತ್ತಿದ್ದರೂ ಕಾರಿನ ಮುಂದಿನ ಚಕ್ರಗಳು ಎಡಕ್ಕೆ ಮುಖ ಮಾಡಿ ನೆಲವನ್ನು ಕೆರೆಯುತ್ತಾ ಹೋಗುವುದನ್ನು ಮೊದಲ ಬಾರಿ ಕಂಡವರು ಕಾರಿನಲ್ಲೇನೋ ಮುರಿದಿದೆ ಎಂದುಕೊಳ್ಳುತ್ತಾರೆ. ಬಹಳ ಸಲ ಏನೂ ಮುರಿದಿರುವುದಿಲ್ಲ. ಮೋಟರ್‌ಹೋಮಿನ ಹಿಂದಿನ ಅಚ್ಚಿನಿಂದ ಹಿಚ್‌ವರೆಗೆ ಹತ್ತು ಅಡಿಗೂ ಮೀರಿ ಬಾಲ ಚಾಚಿಕೊಂಡಿರಬಹುದು. ಮೂತಿ ಬಲಕ್ಕೆ ತಿರುಗಿದ ಕ್ಷಣದಲ್ಲಿ ಈ ಬಾಲ ಎಡಕ್ಕೆ ಬೀಸುತ್ತದೆ, ಕಾರಿನ ಮೂತಿಯನ್ನೂ ಎಡಕ್ಕೆ ಎಳೆಯುತ್ತದೆ, ಕ್ಯಾಸ್ಟರ್ ಪ್ರಾಮಾಣಿಕವಾಗಿ ಚಕ್ರಗಳನ್ನು ಎಡಕ್ಕೇ ಹೊರಳಿಸುತ್ತದೆ. ಮೋಟರ್‌ಹೋಮ್ ಸ್ವಲ್ಪ ಮುಂದೆ ಹೋದಂತೆ ಎಳೆತ ಬಲಕ್ಕೆ ಬದಲಾಗಿ ಚಕ್ರಗಳೂ ಸರಿದಾರಿಗೆ ಬರುತ್ತವೆ. ತಿರುವು ತೀರಾ ಇಕ್ಕಟ್ಟಾಗಿದ್ದರೆ ಮಾತ್ರ, ಬಾಲವು ಕಾರನ್ನು ಅರೆಕ್ಷಣ ಹಿಂದಕ್ಕೆ ತಳ್ಳಿಯೂಬಿಡಬಹುದು. ಹಿಂದಕ್ಕೆ ತಳ್ಳಿದ ಸೈಕಲ್ಲಿನ ಹ್ಯಾಂಡಲಿಗೆ ಆಗುವುದೇ ಆಗ ಇಲ್ಲಿಯೂ ಆಗುತ್ತದೆ: ಚಕ್ರಗಳು ಪೂರ್ತಿ ಒಂದು ಕಡೆಗೆ ಮಡಚಿಕೊಂಡು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಜಲ್ಲಿ, ಮರಳು, ಒದ್ದೆ ಹುಲ್ಲಿನ ಮೇಲೆ ಇದು ಹೆಚ್ಚು. ಚಕ್ರವನ್ನು ಹೊರಳಿಸಲು ಟೈರಿಗೆ ನೆಲದ ಹಿಡಿತ ಬೇಕು. ಹಿಡಿತವಿಲ್ಲದಲ್ಲಿ ಒಮ್ಮೆ ಅಡ್ಡ ತಿರುಗಿದ ಟೈರು ಮರಳನ್ನು ನೇಗಿಲಿನಂತೆ ಉಳುತ್ತಾ ಹಾಗೆಯೇ ಜಾರುತ್ತದೆ. ಅರಿಜೋನಾದ ಕ್ವಾರ್ಟ್ಜ್‌ಸೈಟ್‌ನಂತಹ ಮರುಭೂಮಿಯ ತಾಣಗಳಲ್ಲಿ, ಚಳಿಗಾಲದಲ್ಲಿ ಮೋಟರ್‌ಹೋಮ್‌ಗಳು ಜಾತ್ರೆಯಂತೆ ನೆರೆಯುವ ಬಯಲುಗಳಲ್ಲಿ, ಇಂಥ ಉಳುಮೆಯ ಗೆರೆಗಳು ಕಂಡರೆ ಆಶ್ಚರ್ಯಪಡಬೇಕಿಲ್ಲ.

ಮಾಡಬೇಕಾದದ್ದು ಇಷ್ಟು. ಕೂಡಲೇ ನಿಲ್ಲಿಸಿ, ಮೋಟರ್‌ಹೋಮಿನ ಬ್ರೇಕ್ ಹಾಕಿ, ಒಬ್ಬರು ಕಾರಿನೊಳಗೆ ಕುಳಿತು ಸ್ಟೀರಿಂಗನ್ನು ಕೈಯಿಂದ ತಿರುವಿನ ದಿಕ್ಕಿಗೆ ತರಬೇಕು. ಅದು ಅಲುಗದಿದ್ದರೆ ಕಾರನ್ನು ಬಿಚ್ಚಿ, ಓಡಿಸಿ, ನೇರವಾಗಿ ನಿಲ್ಲಿಸಿ ಮತ್ತೆ ಕಟ್ಟಬೇಕು. ‘ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಸರಿಹೋಗುತ್ತದೆ’ ಎಂಬ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡಬೇಕು. ಕೆಲವೇ ಅಡಿ ರಿವರ್ಸ್ ಹೋಗಿ ಏನೂ ಆಗಲಿಲ್ಲ ಎನ್ನುವವರು ಸಿಗುತ್ತಾರೆ. ಅವರ ಅದೃಷ್ಟವನ್ನು ನಂಬಿ ನಾವು ಟೋ ಬಾರಿನ ತೋಳು ಬಗ್ಗಿಸಿಕೊಳ್ಳುವ ಅಗತ್ಯವಿಲ್ಲ. ಮಡಚಿದ ಚಕ್ರಗಳನ್ನು ಹತ್ತು ಟನ್ ಗಾಡಿ ಹಿಂದಕ್ಕೆ ನೂಕಿದಾಗ ಟೋ ಬಾರ್, ಕಾರಿನ ಕಡೆ ಅದನ್ನು ಹಿಡಿದಿರುವ ಬೇಸ್ ಪ್ಲೇಟ್, ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್ ಈ ಮೂರರಲ್ಲಿ ಒಂದು ಸೋಲಲೇಬೇಕು. ಹಾಗೆ ರಿವರ್ಸ್ ಹೋಗಿದ್ದಾಗಿದ್ದರೆ, ಮುಂದಿನ ಪ್ರಯಾಣಕ್ಕೆ ಮೊದಲು ಬಾರಿನ ಎರಡೂ ತೋಳುಗಳ ಮೇಲೆ ನೇರವಾದ ಪಟ್ಟಿ ಇಟ್ಟು ಬಾಗಿಲ್ಲವೆಂದು ನೋಡಬೇಕು, ಟೈ ರಾಡ್‌ಗಳನ್ನು ಪರೀಕ್ಷಿಸಿ ಅಲೈನ್‌ಮೆಂಟ್ ಅಳೆಸಬೇಕು.

ದಾರಿಯಲ್ಲಿ ಇದನ್ನು ತಪ್ಪಿಸುವುದು ಚಾಲಕರ ಕೈಯಲ್ಲಿದೆ. ತಿರುವಿಗೆ ಮೊದಲು ಇನ್ನಷ್ಟು ನೇರ ಹೋಗಿ, ಅಗಲವಾಗಿ, ನಿಧಾನವಾಗಿ ತಿರುಗಿದರೆ ಬಾಲದ ಬೀಸು ಕಡಿಮೆಯಾಗುತ್ತದೆ. ಪೆಟ್ರೋಲ್ ಬಂಕಿನೊಳಗೆ ಹೋಗುವ ಮುನ್ನ ಹೊರಬರುವ ದಾರಿ ಎಲ್ಲಿದೆ ಎಂದು ನೋಡಿಕೊಳ್ಳುವುದು ಮೋಟರ್‌ಹೋಮಿನವರ ಹಳೆಯ ಶಿಸ್ತು, ಅದರ ಹಿಂದೆ ಇರುವುದೂ ಇದೇ ಭಯ.

ನಡುಕ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ತೊಂದರೆ ಇದು. ಹೆದ್ದಾರಿಯಲ್ಲಿ ಒಂದು ಸೇತುವೆಯ ಸಂದು ಅಥವಾ ಗುಂಡಿ ದಾಟಿದ್ದೇ ತಡ, ಕಾರಿನ ಮುಂದಿನ ಚಕ್ರಗಳು ಎಣಿಸಲಾಗದಷ್ಟು ವೇಗವಾಗಿ ಎಡಬಲಕ್ಕೆ ಬಡಿದುಕೊಳ್ಳತೊಡಗುತ್ತವೆ. ಹಿಂಬದಿಯ ಕ್ಯಾಮೆರಾದಲ್ಲಿ ಕಾರಿನ ಮೂತಿ ಮಸುಕಾದಂತೆ ಕಾಣಿಸುತ್ತದೆ, ಕೆಲವೊಮ್ಮೆ ಟೈರಿನಿಂದ ಹೊಗೆಯೂ ಏಳುತ್ತದೆ. ಮುಂದಿನ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು ಇರುವ ಜೀಪ್ ರ‍್ಯಾಂಗ್ಲರಿನಂತಹ ವಾಹನಗಳಲ್ಲಿ ಇದಕ್ಕೆ ‘ಡೆತ್ ವಾಬಲ್’ ಎಂಬ ಹೆದರಿಸುವ ಹೆಸರಿದೆ. ಒಂದು ಚಕ್ರದ ಅಲುಗಾಟ ಅಚ್ಚಿನ ಮೂಲಕ ಇನ್ನೊಂದು ಚಕ್ರಕ್ಕೆ ದಾಟಿ, ಅದು ಮತ್ತೆ ಮೊದಲನೆಯದಕ್ಕೆ ಮರಳಿ, ತೊಟ್ಟಿಲಿಗೆ ಸರಿಯಾದ ಹೊತ್ತಿಗೆ ಕೈಕೊಟ್ಟಂತೆ ಅದು ಬೆಳೆಯುತ್ತಾ ಹೋಗುತ್ತದೆ. ಆ ಹೊತ್ತಿನಲ್ಲಿ ಚಾಲಕರು ಗಾಬರಿಯಿಂದ ಜೋರಾಗಿ ಬ್ರೇಕ್ ಒತ್ತಬಾರದು. ವೇಗವನ್ನು ಹಂತ ಹಂತವಾಗಿ ಇಳಿಸಿ ರಸ್ತೆಯ ಬದಿಗೆ ಸೇರಬೇಕು. ವೇಗ ಇಳಿದಂತೆ ನಡುಕ ತಾನಾಗಿ ಅಡಗುತ್ತದೆ.

ಮೂಲ ಹುಡುಕಲು ಮೊದಲು ಟೈರುಗಳಿಂದ ಆರಂಭಿಸಬೇಕು, ಏಕೆಂದರೆ ಅದು ಅಗ್ಗ. ಬೆಳಿಗ್ಗೆ ಹೊರಡುವ ಮುನ್ನ ಟೈರು ತಣ್ಣಗಿರುವಾಗ ಗಾಳಿ ಅಳೆದು, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಪಟ್ಟಿಯ ಸಂಖ್ಯೆಗೆ ಸರಿಹೊಂದಿಸಬೇಕು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆ ಗರಿಷ್ಠ ಮಿತಿಯೇ ಹೊರತು ತುಂಬಬೇಕಾದ ಗಾಳಿಯಲ್ಲ. ಬ್ಯಾಲೆನ್ಸಿಂಗ್ ತೂಕ ಉದುರಿದೆಯೇ, ರಿಮ್ಮಿಗೆ ಒಣಗಿದ ಕೆಸರು ಮೆತ್ತಿದೆಯೇ, ಟೈರಿನಲ್ಲಿ ಉಬ್ಬು ಇದೆಯೇ ಎಂಬುದನ್ನು ನೋಡಲು ಐದು ನಿಮಿಷ ಸಾಕು.

ಅಲ್ಲಿ ಸಿಗದಿದ್ದರೆ ಇಬ್ಬರು ಸೇರಿ ಕೀಲುಗಳನ್ನು ಪರೀಕ್ಷಿಸಬೇಕು. ಕಾರನ್ನು ಬಿಚ್ಚಿ, ಚಕ್ರಗಳು ನೆಲದ ಮೇಲಿರುವಾಗಲೇ ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಗಡಿಯಾರದ ಹತ್ತರಿಂದ ಎರಡರವರೆಗೆ ಬೇಗ ಬೇಗ ಆಡಿಸುತ್ತಿರಬೇಕು. ಇನ್ನೊಬ್ಬರು ಮುಂದಿನಿಂದ ಬಗ್ಗಿ ಟಾರ್ಚು ಹಿಡಿದು ಟೈ ರಾಡಿನ ತುದಿಗಳು, ಸ್ಟೀರಿಂಗ್ ಬಾಕ್ಸು, ರ‍್ಯಾಂಗ್ಲರಿನಂತಹ ವಾಹನವಾದರೆ ಅಚ್ಚು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಟ್ರ್ಯಾಕ್ ಬಾರಿನ ಎರಡೂ ತುದಿ, ಇವುಗಳನ್ನು ಒಂದೊಂದಾಗಿ ನೋಡಬೇಕು; ಸಂಶಯ ಬಂದ ಕೀಲಿನ ಮೇಲೆ ಬೆರಳಿಟ್ಟರೆ ಕಣ್ಣಿಗೆ ಕಾಣದ ಆಟವೂ ಬೆರಳಿಗೆ ತಿಳಿಯುತ್ತದೆ. ನಂತರ ಜ್ಯಾಕ್ ಕೊಟ್ಟು, ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಹಿಡಿದು ಅಲ್ಲಾಡಿಸಬೇಕು. ಆಟ ಕಂಡರೆ ಅದು ಬಾಲ್ ಜಾಯಿಂಟಿನದು ಅಥವಾ ವ್ಹೀಲ್ ಬೇರಿಂಗಿನದು. ಮೂರು ಮತ್ತು ಒಂಬತ್ತರ ಜಾಗದಲ್ಲಿ ಮಾತ್ರ ಆಟವಿದ್ದರೆ ಟೈ ರಾಡಿನದು. ಟ್ರ್ಯಾಕ್ ಬಾರಿನ ಬೋಲ್ಟು ಸಡಿಲವಾಗಿ ಅದರ ರಂಧ್ರ ಅಂಡಾಕಾರಕ್ಕೆ ಸವೆದಿದ್ದರೆ ಪಾನಾದಿಂದ ಬಿಗಿದು ಬಿಡುವುದು ಪ್ರಯೋಜನವಿಲ್ಲ. ಒಂದು ವಾರದಲ್ಲಿ ಮತ್ತೆ ಸಡಿಲವಾಗುತ್ತದೆ. ಬಿಗಿಯುವಾಗ ಸರ್ವಿಸ್ ಪುಸ್ತಕದ ಅಳತೆಗೆ ಟಾರ್ಕ್ ರೆಂಚನ್ನೇ ಬಳಸಬೇಕು.

ಇಂತಹ ಕಾರನ್ನು ಅಂಗಡಿಗೆ ಒಯ್ದರೆ ಸ್ಟೀರಿಂಗ್ ಡ್ಯಾಂಪರ್ ಬದಲಿಸಿ ಕಳುಹಿಸುವುದು ಸುಲಭದ ದಾರಿ. ಡ್ಯಾಂಪರ್ ನಡುಕವನ್ನು ಅದುಮಿಡುತ್ತದೆ, ಹುಟ್ಟುವ ಜಾಗವನ್ನು ಮುಟ್ಟುವುದಿಲ್ಲ. ಸವೆದ ಬಾಲ್ ಜಾಯಿಂಟನ್ನು ಹಾಗೆಯೇ ಬಿಟ್ಟು ಹೊಸ ಡ್ಯಾಂಪರ್ ಹಾಕುವುದು, ಸೋರುವ ಮಾಡಿಗೆ ಕೆಳಗಿನಿಂದ ಸುಣ್ಣ ಬಳಿದಂತೆ. ಎತ್ತರ ಹೆಚ್ಚಿಸಿ ದೊಡ್ಡ ಟೈರು ಹಾಕಿಸಿದ ಜೀಪುಗಳಲ್ಲಿ ಕಾರಣ ಬೇರೆಯದೇ ಇರಬಹುದು. ಸಸ್ಪೆನ್ಶನ್ ಎತ್ತರಿಸಿದಾಗ ಮುಂದಿನ ಅಚ್ಚು ಹೊರಳಿ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಚಾಲಕ ಹಿಡಿದಿರುವಾಗ ಹೇಗೋ ನಡೆಯುವ ಈ ಕೊರತೆ, ಹಿಡಿಯುವವರಿಲ್ಲದಾಗ ಹೊರಬೀಳುತ್ತದೆ. ಅಚ್ಚನ್ನು ಹಿಡಿದಿರುವ, ಉದ್ದ ಹೊಂದಿಸಬಹುದಾದ ಕಂಟ್ರೋಲ್ ಆರ್ಮ್‌ಗಳಿಂದ ಕ್ಯಾಸ್ಟರನ್ನು ಮತ್ತೆ ಸರಿಯಾದ ಅಳತೆಗೆ ತರಿಸಬೇಕು.

ಕೀಲುಗಳೆಲ್ಲ ಗಟ್ಟಿಯಾಗಿದ್ದು, ನಾವು ಓಡಿಸುವಾಗ ನಡುಕವೇ ಇಲ್ಲದೆ, ಎಳೆಯುವಾಗ ಮಾತ್ರ ಬರುತ್ತಿದ್ದರೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಕಡೆಗೆ ನೋಡಬೇಕು. ಹಳೆಯ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಎಂಜಿನ್ ನಿಂತಿದ್ದರೂ ಸ್ಟೀರಿಂಗ್ ರ‍್ಯಾಕಿನೊಳಗಿನ ಎಣ್ಣೆ ಚಕ್ರಗಳ ಚಿಕ್ಕ ಅಲುಗಾಟಗಳನ್ನು ತಡೆಯುತ್ತಿತ್ತು. ಎಲೆಕ್ಟ್ರಿಕ್ ವ್ಯವಸ್ಥೆಯಲ್ಲಿ ಆ ಕೆಲಸವನ್ನು ಮೋಟರು ಮತ್ತು ಅದರ ಕಂಪ್ಯೂಟರ್ ಮಾಡುತ್ತವೆ. ವಿದ್ಯುತ್ ಇಲ್ಲದಾಗ ಆ ತಡೆಯೂ ಇಲ್ಲ, ಮೋಟರಿನ ಜಡಭಾರ ಮಾತ್ರ ಉಳಿಯುತ್ತದೆ. 2014ರ ಮಾದರಿಯಾಗಿ ಬಂದ ಜೀಪ್ ಚೆರೋಕಿಯಲ್ಲಿ ಈ ಬಗೆಯ ನಡುಕ ಕಾಣಿಸಿಕೊಂಡದ್ದರಿಂದ, ಎಳೆಯುವಾಗಲೂ ಪವರ್ ಸ್ಟೀರಿಂಗಿಗೆ ವಿದ್ಯುತ್ ಕೊಡುವ ವೈರಿಂಗ್ ಕಿಟ್ಟೊಂದನ್ನು ಜೀಪ್ ತಯಾರಕರ ಬಿಡಿಭಾಗಗಳ ವಿಭಾಗವಾದ ಮೋಪಾರ್ ಮಾರುಕಟ್ಟೆಗೆ ತಂದಿತು. ಆದರೆ ಇದೇ ಮದ್ದು ಎಲ್ಲ ಕಾರುಗಳಿಗೂ ಹೊಂದುವುದಿಲ್ಲ. ಎಳೆಯುವ ಮುನ್ನ ಬ್ಯಾಟರಿಯ ಋಣ ತಂತಿಯನ್ನೇ ಬಿಚ್ಚಿಡಿ ಎಂದು ಹೇಳುವ ತಯಾರಕರೂ ಇದ್ದಾರೆ. ಒಂದು ಕಾರಿಗೆ ವಿದ್ಯುತ್ ಬೇಕೇ ಬೇಕು, ಇನ್ನೊಂದಕ್ಕೆ ಬೇಡವೇ ಬೇಡ. ಪುಸ್ತಕ ಮತ್ತು ಆ ಮಾದರಿಗೆ ಬಂದ ಸರ್ವಿಸ್ ಸೂಚನೆಗಳನ್ನು ಬಿಟ್ಟು ಬೇರೆ ಆಧಾರವಿಲ್ಲ.

ವಿದ್ಯುತ್ ಬೇಕಾದ ಕಾರುಗಳಲ್ಲಿ ಮತ್ತು ಕೀಲಿ ‘ಎಸಿಸಿ’ಯಲ್ಲಿ ಇರಬೇಕಾದ ಕಾರುಗಳಲ್ಲಿ ಬ್ಯಾಟರಿಯ ಕಡೆಗೂ ಗಮನ ಬೇಕು. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನದ ಮೇಲೆ ನಡುಕ ಶುರುವಾಗುತ್ತಿದ್ದರೆ ಬ್ಯಾಟರಿ ಇಳಿದುಹೋಗಿರುವ ಸಾಧ್ಯತೆ ಇದೆ. ಮೋಟರ್‌ಹೋಮಿನಿಂದ ದೀಪಗಳಿಗೆ ಬರುವ ಕೇಬಲಿನಲ್ಲಿಯೇ ಫ್ಯೂಸ್ ಸಹಿತವಾದ ಒಂದು ಚಾರ್ಜಿಂಗ್ ತಂತಿಯನ್ನು ಹಾಕಿಸಿಕೊಂಡರೆ ಈ ಚಿಂತೆ ತಪ್ಪುತ್ತದೆ.

ಕಾರೇ ಓಲಾಡುತ್ತಿದ್ದರೆ

ನಡುಕಕ್ಕೂ ಓಲಾಟಕ್ಕೂ ವ್ಯತ್ಯಾಸ ವೇಗದ್ದು. ನಡುಕವನ್ನು ಎಣಿಸಲಾಗುವುದಿಲ್ಲ, ಓಲಾಟವನ್ನು ‘ಒಂದು, ಎರಡು’ ಎಂದು ಆರಾಮವಾಗಿ ಎಣಿಸಬಹುದು. ಕಾರು ನಿಧಾನವಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗುತ್ತಿದ್ದರೆ ಮೊದಲು ಟೋ ಬಾರಿನ ತೋಳುಗಳನ್ನು ನೋಡಬೇಕು. ಉದ್ದಗಿಡ್ಡ ಮಾಡಬಹುದಾದ ತೋಳುಗಳ ಬಾರಿನಲ್ಲಿ ಕಟ್ಟುವಾಗ ತೋಳುಗಳು ಸಡಿಲವಾಗಿರುತ್ತವೆ, ಮೋಟರ್‌ಹೋಮ್ ನಿಧಾನವಾಗಿ ಮುಂದೆ ಸಾಗಿ ಕೊಂಚ ಎಡಬಲಕ್ಕೆ ತಿರುಗಿದಾಗ ಎರಡೂ ಚಾಚಿಕೊಂಡು ಕ್ಲಿಕ್ಕೆಂದು ಲಾಕ್ ಆಗಬೇಕು. ಒಂದೇ ತೋಳು ಲಾಕ್ ಆಗಿದ್ದರೆ ಕಾರು ಒಂಟಿ ಕೈ ಹಿಡಿದ ಮಗುವಿನಂತೆ ಅತ್ತಿತ್ತ ಹೋಗುತ್ತದೆ. ಕ್ಯಾಂಪ್‌ಗ್ರೌಂಡ್ ಬಿಟ್ಟ ನೂರು ಅಡಿಯಲ್ಲಿಯೇ ಒಮ್ಮೆ ಇಳಿದು ಎರಡೂ ಲಾಕುಗಳನ್ನು ನೋಡಿ ಬರುವುದು ಉತ್ತಮ.

ಎರಡನೆಯದು ಎತ್ತರ. ಮೋಟರ್‌ಹೋಮಿನ ಹಿಚ್ ಮತ್ತು ಕಾರಿನ ಬೇಸ್ ಪ್ಲೇಟ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಸುಮಾರು 3 ಇಂಚಿನ ವ್ಯತ್ಯಾಸದವರೆಗೆ ಸಾಮಾನ್ಯವಾಗಿ ಒಪ್ಪುತ್ತಾರೆ, ನಿಖರವಾದ ಮಿತಿಯನ್ನು ಬಾರಿನ ಪುಸ್ತಕದಲ್ಲಿ ನೋಡಿಕೊಳ್ಳಬೇಕು. ಹಿಚ್ ತೀರಾ ಎತ್ತರದಲ್ಲಿದ್ದರೆ ಎಳೆತ ಕಾರಿನ ಮೂತಿಯನ್ನು ಮೇಲಕ್ಕೂ ಎತ್ತುತ್ತದೆ, ಮುಂದಿನ ಟೈರುಗಳ ಮೇಲಿನ ಭಾರ ಕಡಿಮೆಯಾಗಿ ಅವು ನೆಲದ ಮಾತು ಕೇಳುವುದೂ ಕಡಿಮೆಯಾಗುತ್ತದೆ. ಡಿಕ್ಕಿಯಲ್ಲಿ ಸಾಮಾನು ತುಂಬಿ, ಹಿಂದೆ ಸೈಕಲ್ಲುಗಳನ್ನೂ ನೇತುಹಾಕಿದರೆ ಆಗುವುದೂ ಇದೇ. ಎತ್ತರದ ವ್ಯತ್ಯಾಸಕ್ಕೆ ಹಿಚ್ಚಿನ ಮಟ್ಟ ಬದಲಿಸುವ ಡ್ರಾಪ್ ರಿಸೀವರ್ ಹಾಕಿಸಬೇಕು, ಸಾಮಾನನ್ನು ಮೋಟರ್‌ಹೋಮಿಗೆ ವರ್ಗಾಯಿಸಬೇಕು. ಬೇಸ್ ಪ್ಲೇಟಿನ ಬೋಲ್ಟುಗಳು, ಹಿಚ್ ಪಿನ್ನು, ರಿಸೀವರ್ ಕೊಳವೆಯೊಳಗಿನ ಸಡಿಲ, ಇವುಗಳನ್ನು ಪ್ರತಿ ಪ್ರಯಾಣಕ್ಕೂ ಮುನ್ನ ನೋಡಬೇಕು.

ಟೈರು ಓದುವುದು

ದೂರ ಪ್ರಯಾಣದ ನಂತರ ಮುಂದಿನ ಟೈರುಗಳ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿದರೆ ಬಹಳಷ್ಟು ಗೊತ್ತಾಗುತ್ತದೆ. ಒಂದು ದಿಕ್ಕಿಗೆ ನುಣುಪಾಗಿದ್ದು ಇನ್ನೊಂದು ದಿಕ್ಕಿಗೆ ಗರಗಸದಂತೆ ತರಚಿದರೆ ಟೋ ಅಲೈನ್‌ಮೆಂಟ್ ತಪ್ಪಿದೆ. ಎರಡೂ ಅಂಚು ಸವೆದು ನಡುವೆ ಉಳಿದಿದ್ದರೆ ಗಾಳಿ ಕಡಿಮೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಬ್ಯಾಲೆನ್ಸು ಅಥವಾ ಶಾಕ್ ಅಬ್ಸಾರ್ಬರಿನ ದೋಷ. ಒಂದೇ ಜಾಗದಲ್ಲಿ ಚಪ್ಪಟೆಯಾಗಿ ತೇದಿದ್ದರೆ ಆ ಚಕ್ರ ಎಲ್ಲಿಯೋ ಉರುಳದೆ ಜಾರಿದೆ, ಬ್ರೇಕು ಹಿಡಿದಿತ್ತು ಎಂದರ್ಥ. ಇಡೀ ಸುತ್ತಿಗೂ ಅಡ್ಡಗೆರೆಗಳು ಬಿದ್ದಿದ್ದರೆ ಚಕ್ರ ಅಡ್ಡಲಾಗಿ ಉಜ್ಜಿದೆ. ಕೀಲಿಯ ವಿಚಾರಕ್ಕೆ ಮರಳಬೇಕು. ಓಡೋಮೀಟರ್ ನೋಡಿ ಟೈರಿನ ವಯಸ್ಸು ಲೆಕ್ಕ ಹಾಕುವವರು ಇಲ್ಲಿ ಮೋಸ ಹೋಗುತ್ತಾರೆ, ಏಕೆಂದರೆ ಅನೇಕ ಕಾರುಗಳಲ್ಲಿ ಎಳೆಸಿಕೊಂಡ ಮೈಲಿಗಳು ಓಡೋಮೀಟರಿನಲ್ಲಿ ಸೇರುವುದೇ ಇಲ್ಲ.

ಬಿಚ್ಚುವಾಗ

ಇಳಿಜಾರಿನಲ್ಲಿ ಅಥವಾ ತಿರುವಿನಲ್ಲಿ ನಿಲ್ಲಿಸಿದಾಗ ಟೋ ಬಾರಿನ ತೋಳುಗಳ ಮೇಲೆ ಬಿಗುವು ಉಳಿದಿರುತ್ತದೆ. ಪಿನ್ನು ಕೈಗೆ ಬಾರದಿದ್ದರೆ ಸುತ್ತಿಗೆಯಿಂದ ಬಡಿಯಬಾರದು, ಬಡಿದು ಕಳಚಿದ ತೋಳು ಮುಂಗೈಗೆ ಬಂದು ಹೊಡೆಯಬಹುದು. ನಡುವೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕೊಟ್ಟ ಕಲ್ಲು ತೆಗೆದು, ಕಾರಿನ ಹ್ಯಾಂಡ್ ಬ್ರೇಕನ್ನೂ ಬಿಟ್ಟು ಮೋಟರ್‌ಹೋಮನ್ನು ಸಮತಟ್ಟಾದ ಜಾಗಕ್ಕೆ ನೇರವಾಗಿ ತಂದು ನಿಲ್ಲಿಸಿದರೆ ಬಿಗುವು ಸಡಿಲುತ್ತದೆ. ಮತ್ತೆ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಪಿನ್ನು, ಸುರಕ್ಷತಾ ಕೇಬಲ್, ದೀಪದ ತಂತಿ, ತುರ್ತು ಬ್ರೇಕಿನ ದಾರ ಎಲ್ಲವನ್ನೂ ಕಳಚಬೇಕು. ಸೀಟಿನ ಮುಂದಿನ ಬ್ರೇಕ್ ಪೆಟ್ಟಿಗೆಯನ್ನು ತೆಗೆದಿಟ್ಟು, ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ನಿಂದ ಹೊರತಂದು, ಎಂಜಿನ್ ಚಾಲೂ ಆದ ಮೇಲೆ ಸ್ಟೀರಿಂಗನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಪೂರ್ತಿ ಬಲಕ್ಕೆ ತಿರುಗಿಸಿ, ಪವರ್ ಸ್ಟೀರಿಂಗಿನ ಎಚ್ಚರಿಕೆ ದೀಪ ಉರಿಯುತ್ತಿಲ್ಲವೆಂದು ನೋಡಿಕೊಂಡು ಹೊರಡಬೇಕು.